ಮೂರು ಪ್ರಶ್ನೆಗಳ ನಿಯಮ

ಮಾರ್ಚ್ 3
(ಮೇಲ್)

ತಂಗೀ,

ಫೋನಿನಲ್ಲಿ ನಿನ್ನ ಬಾಯಿಂದ ಹಾಂ, ಹೂಂ, ಸರಿ ಅಕ್ಕಾ ಬಿಟ್ಟರೆ ಬೇರೆ ಮಾತೇ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಯಜಮಾನರು ನಿನಗೆಂದೇ ಹೊಸ ಕಂಪ್ಯೂಟರ್ ತಂದಿದ್ದಾರಂತೆ. ಅದನ್ನೂ ಅವರೇ ಹೇಳಬೇಕಾಯಿತು! ಇನ್ನು ಮೇಲೆ ನಿನಗೆ ಯಾವ ನೆಪವೂ ಇಲ್ಲ. ಕೂತು ಬರಿ, ಸೋಮಾರಿ.

ನನ್ನ ಸುದ್ದಿ ಹಳೆಯದೇ. ಹಗಲೆಲ್ಲ ರಿಪೇರಿ ಅಂಗಡಿಯ ಕೌಂಟರು. ಲ್ಯಾಪ್‌ಟಾಪಿಗೆ ಟೀ ಕುಡಿಸಿಕೊಂಡು ಬಂದು "ಏನೂ ಮಾಡಿಲ್ಲ ಮೇಡಂ, ತಾನಾಗೇ ಆಫ್ ಆಯ್ತು" ಎನ್ನುವ ಜನ. ಸಂಜೆ ಚಪ್ಪಲಿ ಬಿಟ್ಟು ಒಳಗೆ ಬಂದರೆ ಇಂಟರ್ನೆಟ್ಟಿನ ಫೋರಂ. ಮಾಡರೇಟರ್ ಎಂದರೆ ಏನೇ ಅಕ್ಕಾ ಎಂದು ಹೋದ ಸಲ ಸಿಕ್ಕಾಗ ಕೇಳಿದ್ದೆಯಲ್ಲ, ಕೇಳು. ಕಂಪ್ಯೂಟರ್ ಕೈಕೊಟ್ಟವರು ಬಂದು ಪ್ರಶ್ನೆ ಹಾಕುತ್ತಾರೆ, ಗೊತ್ತಿದ್ದವರು ಉತ್ತರ ಹೇಳುತ್ತಾರೆ. ಅಲ್ಲಿ ಜಗಳವಾಗದಂತೆ, ಕಸ ಸೇರದಂತೆ ನೋಡಿಕೊಳ್ಳುವವಳು ನಾನು. ಕಸ ಎನ್ನಿಸಿದರೆ ಬೀಗ ಹಾಕುತ್ತೇನೆ. ಬೀಗ ಬಿದ್ದ ಪ್ರಶ್ನೆಗೆ ಆಮೇಲೆ ಯಾರೂ ಉತ್ತರ ಬರೆಯಲಾಗದು. ಸಂಬಳವಿಲ್ಲ, ಬೈಗುಳಕ್ಕೆ ಮಾತ್ರ ಬರವಿಲ್ಲ. ನನಗೆ ಅಲ್ಲಿ 'ಹೆಡ್‌ಮಿಸ್' ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಎಲ್ಲ ಜಗಳವೂ ನನ್ನ ಮೂರು ಪ್ರಶ್ನೆಗಳ ನಿಯಮದ ಮೇಲೆ. ಯಾರೇ ಬಂದರೂ ಮೊದಲು ಈ ಮೂರಕ್ಕೆ ಉತ್ತರ ಬರೆಯಬೇಕು: ನಿಮಗೆ ಏನಾಗಬೇಕು? ಈಗ ಏನಾಗುತ್ತಿದೆ? ಇದುವರೆಗೆ ಏನೇನು ಪ್ರಯತ್ನಿಸಿದ್ದೀರಿ? ಇಷ್ಟು ಬರೆಯಲೂ ಸೋಮಾರಿತನವಾದರೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು? 'ಅಯ್ಯೋ ಹೋಯ್ತು, ಬೇಗ ಹೇಳಿ' ಎಂದು ಕಿರುಚುವವರಿಗೆ ನನ್ನ ಹತ್ತಿರ ಸಿದ್ಧ ಉತ್ತರವಿದೆ. ಒಂದು ಗುಂಡಿ ಒತ್ತಿದರೆ ಸಾಕು: 'ಪ್ರಶ್ನೆ ನಿಯಮದಂತಿಲ್ಲ. ಸರಿಯಾಗಿ ಬರೆಯಿರಿ.' ಜತೆಗೇ ಬೀಗ.

ಅಪರೂಪಕ್ಕೊಮ್ಮೆ ಸಭ್ಯರೂ ಬರುತ್ತಾರೆ. ಹೋದ ವಾರ ಒಬ್ಬರು ಬಂದಿದ್ದರು, 'ಹೊಸಬ' ಎಂದು ಹೆಸರಿಟ್ಟುಕೊಂಡು. ಅವರ ತಾಯಿಗೆ ವಯಸ್ಸಾಗಿದೆಯಂತೆ. ಕಂಪ್ಯೂಟರ್ ಬಾರದು, ಏನೇನೋ ಒತ್ತಿಬಿಡುತ್ತಾರೆ. ತಾನು ಆಫೀಸಿನಲ್ಲಿ ಕೂತೇ ಅಮ್ಮನ ಪರದೆ ನೋಡುವಂತಾಗಬೇಕು, ಬೇಕಾದಾಗ ಸರಿಪಡಿಸುವಂತಾಗಬೇಕು, ಆದರೆ ಅವರಿಗೆ ಗಾಬರಿಯಾಗಬಾರದು, ಪರದೆಯ ಮೇಲೆ ಯಾವ ಸೂಚನೆಯೂ ಬರಬಾರದು ಎಂದು. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದರು ಗೊತ್ತಾ! ಮೂರಕ್ಕೂ ಉತ್ತರ, ಒಂದು ಕಾಮಾ ತಪ್ಪಿಲ್ಲ. ನಾನೇ ಕೂತು ಎರಡು ಸಂಜೆ ಹೇಳಿಕೊಟ್ಟೆ. ಮೂಲೆಯಲ್ಲಿ ಕಾಣುವ ಚಿಕ್ಕ ಗುರುತನ್ನೂ ತೆಗೆಸಿದೆ, ಮುದುಕಿ ಅದನ್ನೇ ಒತ್ತಿ ಅಳುತ್ತಾ ಕೂತರೆ? ಕೊನೆಗೆ 'ಬಗೆಹರಿಯಿತು. ನಿಮ್ಮ ಸಮಯಕ್ಕೆ ಋಣಿ' ಎಂದು ಬರೆದರು. ಓದಿ ಮನಸ್ಸು ತುಂಬಿ ಬಂತು. ಆ ಪ್ರಶ್ನೆಯನ್ನು ಮಾದರಿ ಎಂದು ಫೋರಂನ ನೆತ್ತಿಯ ಮೇಲೆ ಅಂಟಿಸಿದ್ದೇನೆ.

ಪುಟ್ಟಿಗೆ ಮುತ್ತು. ಮುಂದಿನ ಹಲ್ಲು ಬಿತ್ತಾ?

ನಿನ್ನ
ಅಕ್ಕ


ಮಾರ್ಚ್ 9
(ಮೇಲ್)

ಅಕ್ಕಾ,

ಹಲ್ಲು ಬಿತ್ತು. ಪುಟ್ಟಿ ಅದನ್ನು ಬೆಂಕಿಪೆಟ್ಟಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟು, "ಅಮ್ಮಾ, ನೀನು ಹಲ್ಲು ಮಾಡ್ತಿದ್ದೆ ಅಲ್ವಾ, ಇದನ್ನ ವಾಪಸ್ ಕೂರ್ಸು" ಎಂದಳು. ನಗು ಬಂತು, ಆಮೇಲೆ ಯಾಕೋ ಅಳುವೂ ಬಂತು. ಕೃತಕ ಹಲ್ಲು ಮಾಡುವ ಲ್ಯಾಬ್ ಬಿಟ್ಟ ಮೇಲೆ ನನ್ನ ಕೈ ಮೇಣ ಮುಟ್ಟಿಲ್ಲ.

ಫೋನಿನಲ್ಲಿ ನನಗೇಕೆ ಮಾತು ಬರುವುದಿಲ್ಲ ಎಂದು ಛೇಡಿಸುತ್ತೀಯಲ್ಲ. ಫೋನ್ ಬಂದರೆ ಇವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಸ್ಪೀಕರ್ ಹಾಕಿಸುತ್ತಾರೆ. "ನಾನೂ ಕೇಳ್ತೀನಿ, ನಂಗೂ ಅಕ್ಕ ತಾನೆ" ಎನ್ನುತ್ತಾರೆ. ನಗುತ್ತಲೇ. ನಾನು ಅಂಗಡಿಯಿಂದ ಬರುವುದು ತಡವಾದರೆ ಬಾಗಿಲಲ್ಲಿ ನಿಂತು ಗೋಡೆ ಗಡಿಯಾರದ ಕಡೆ ಕೈ ತೋರಿಸುತ್ತಾರೆ, ಅದೂ ನಗುತ್ತಲೇ. ಕೈ ಎತ್ತುವವರಲ್ಲ, ದನಿ ಎತ್ತುವವರೂ ಅಲ್ಲ. ಎತ್ತಿದ್ದರೆ ಯಾರಿಗಾದರೂ ಹೇಳಬಹುದಿತ್ತು. ಇದನ್ನು ಹೇಗೆ ಹೇಳುವುದು?

ಈಗ ಮುಖ್ಯ ವಿಷಯ. ಲ್ಯಾಬಿನ ಯಜಮಾನಿ ನೆನಪಿದ್ದಾರಲ್ಲ, ಹಲ್ಲಿನ ಬಣ್ಣ ಹೊಂದಿಸುವುದರಲ್ಲಿ ನನ್ನದು ಎತ್ತಿದ ಕೈ ಎಂದು ಎಲ್ಲರ ಮುಂದೆ ಹೇಳುತ್ತಿದ್ದವರು? ಅವರು ಬೇರೆ ಊರಲ್ಲಿ ಇನ್ನೊಂದು ಲ್ಯಾಬ್ ತೆರೆಯುತ್ತಿದ್ದಾರೆ. ನೋಡಿಕೊಳ್ಳಲು ನಾನೇ ಬೇಕಂತೆ. ಮಹಡಿಯ ಮೇಲೆ ಒಂದು ಕೋಣೆ, ಪಕ್ಕದ ಬೀದಿಯಲ್ಲೇ ಶಾಲೆ. ಮೇ ತಿಂಗಳಿಗೆ ಬಾ ಎಂದಿದ್ದಾರೆ. ಇವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಪುಟ್ಟಿಯನ್ನು ಕರೆದುಕೊಂಡು ಹೊರಟೇ ಬಿಡುತ್ತೇನೆ ಅಕ್ಕಾ.

ನಿನಗೊಬ್ಬಳಿಗೇ ಹೇಳಿದ್ದೇನೆ.

ತಂಗಿ


ಮಾರ್ಚ್ 11
(ಮೇಲ್)

ತಂಗೀ,

ಓದಿ ಕುರ್ಚಿಯಲ್ಲೇ ಎದ್ದು ಕೂತೆ. ಲ್ಯಾಬಿನ ಕೆಲಸ ಬಂದಿದ್ದು ಕೇಳಿ ಹಿಗ್ಗಿಹೋದೆ. ಬಿಡಬೇಡ, ಖಂಡಿತ ಹೋಗು. ಆದರೆ ಅವರಿಗೆ ಹೇಳದೆ ಹೋಗುವುದು ಯಾಕೆ? ನೀನು ಮೊದಲಿನಿಂದಲೂ ಹಾಗೇ, ಮನಸ್ಸಿನಲ್ಲೇ ನುಂಗಿಕೊಂಡು ಒಂದು ದಿನ ಇದ್ದಕ್ಕಿದ್ದಂತೆ ಬುಸ್ಸೆನ್ನುವುದು. ಅವರು ನನ್ನ ಹತ್ತಿರ ಎಷ್ಟು ಚೆನ್ನಾಗಿ ಮಾತಾಡುತ್ತಾರೆ! ಹೆಂಡತಿಗೆ ಬೇಜಾರಾಗದಿರಲಿ ಎಂದು ಕಂಪ್ಯೂಟರ್ ತಂದುಕೊಡುವ ಗಂಡಸರು ಎಷ್ಟು ಜನ ಇದ್ದಾರೆ? ಒಮ್ಮೆ ಕೂತು ಮಾತಾಡು. ಸಮಸ್ಯೆ ಏನೆಂದು ಸರಿಯಾಗಿ ಹೇಳಿದರೆ ಅರ್ಧ ಬಗೆಹರಿದಂತೆ. ಇದು ನನ್ನ ಫೋರಂನ ಅನುಭವ.

ಉಳಿದದ್ದು ಆಮೇಲೆ ಬರೆಯುತ್ತೇನೆ. ಅಲ್ಲಿ ಇಬ್ಬರು ಪ್ರಿಂಟರಿನ ಮೇಲೆ ಕತ್ತಿ ಮಸೆಯುತ್ತಿದ್ದಾರೆ, ಬಿಡಿಸಬೇಕು.

ಅಕ್ಕ


ಮಾರ್ಚ್ 24
(ಮೇಲ್)

ಅಕ್ಕಾ,

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಗಬೇಡ.

ಮೊನ್ನೆ ನಿನಗೆ ಪತ್ರ ಶುರುಮಾಡಿದ್ದೆ. 'ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ' ಎಂದು ಬರೆದೆ. ನೀನು ಬೈಯುತ್ತೀಯ ಎನ್ನಿಸಿ ಅಳಿಸಿಬಿಟ್ಟೆ. ಕಳಿಸಲೇ ಇಲ್ಲ. ಸಂಜೆ ಇವರು ಆಫೀಸಿನಿಂದ ಬಂದವರು ಶೂ ಕೂಡ ಬಿಚ್ಚದೆ ಒಂದೊಂದೇ ಕಿಟಕಿ ತೆಗೆಯುತ್ತಾ ಹೋದರು. ಹಾಲಿನದು, ಅಡುಗೆಮನೆಯದು, ಬಚ್ಚಲಿನದೂ ಸಹ. ಯಾಕೆ ಎಂದೆ. "ಉಸಿರು ಕಟ್ಟುತ್ತೆ ಅಲ್ವಾ? ಗಾಳಿ ಬರ್ಲಿ ಬಿಡು" ಎಂದರು.

ಅಳಿಸಿದ ಮಾತು ಅಕ್ಕಾ. ಕಳಿಸಿದ್ದಲ್ಲ.

ನಿನ್ನೆ ಮೌಸಿನ ಮೇಲೆ ಕೈಯೇ ಇಟ್ಟಿರಲಿಲ್ಲ, ಬಾಣದ ಗುರುತು ತಾನಾಗೇ ಪರದೆಯ ಆ ತುದಿಗೆ ಹೋಗಿ ನಿಂತಿತು. ನಾನೂ ಅದನ್ನು ನೋಡಿದೆ, ಅದೂ ನನ್ನನ್ನು ನೋಡಿದಂತಿತ್ತು. ಯಾರೋ ಒಳಗಿದ್ದಾರೆ. ಇದು ಹೇಗೆ ಆಗಲು ಸಾಧ್ಯ? ನಿನಗೆ ಗೊತ್ತಿರುತ್ತದೆ, ನಿನ್ನ ಕೆಲಸವೇ ಇದಲ್ಲವಾ. ಏನು ನೋಡಬೇಕು, ಎಲ್ಲಿ ನೋಡಬೇಕು ಹೇಳು. ಇನ್ನು ಯಾರನ್ನು ಕೇಳಲಿ?

ತಂಗಿ


ಮಾರ್ಚ್ 25
(ಮೇಲ್)

ಏ ಹುಚ್ಚೀ,

'ನನ್ನ ಕಂಪ್ಯೂಟರನ್ನು ಯಾರೋ ನೋಡುತ್ತಿದ್ದಾರೆ' ಎಂದು ವಾರಕ್ಕೊಬ್ಬರಾದರೂ ಫೋರಂಗೆ ಬರುತ್ತಾರೆ. ಒಬ್ಬರಿಗೆ ಪಕ್ಕದ ಮನೆಯವರು, ಇನ್ನೊಬ್ಬರಿಗೆ ಬ್ಯಾಂಕಿನವರು. ಕೊನೆಗೆ ನೋಡಿದರೆ ಬೆಕ್ಕು ಮಲಗಿರುತ್ತದೆ ಕೀಬೋರ್ಡಿನ ಮೇಲೆ. ಈಗ ನನ್ನ ತಂಗಿಯೂ ಆ ಸಾಲಿಗೆ ಸೇರಿದಳಲ್ಲಪ್ಪ!

ಮೌಸ್ ತಾನಾಗೇ ಓಡಿದರೆ ಅದನ್ನು ಮಗುಚಿ ಅಡಿ ಒರೆಸು. ಧೂಳು ಕೂತಿರುತ್ತದೆ. ಇನ್ನು ಉಸಿರು ಕಟ್ಟುವ ಮಾತು: ನಿನಗೆ ಚಿಕ್ಕಂದಿನಿಂದಲೂ ಬಾಯಿಬಿಟ್ಟು ಹೇಳಿಕೊಂಡು ಬರೆಯುವ ಅಭ್ಯಾಸ. ಪರೀಕ್ಷೆಯಲ್ಲಿ ಪಕ್ಕದವಳು ನಿನ್ನ ಉತ್ತರ ಕೇಳಿಸಿಕೊಂಡೇ ಬರೆದು ಪಾಸಾಗಿದ್ದು ಮರೆತೆಯಾ? ಬರೆಯುವಾಗ ಗೊಣಗಿರುತ್ತೀಯ, ಪುಟ್ಟಿ ಕೇಳಿಸಿಕೊಂಡು ಅಪ್ಪನಿಗೆ ಹೇಳಿರುತ್ತಾಳೆ. ಮುಗಿಯಿತು. ಅವರು ಪಾಪ ಕಿಟಕಿ ತೆಗೆದರೆ ಅದೂ ತಪ್ಪಾ?

ಹೊಸ ಕಂಪ್ಯೂಟರು, ಒಳಗೆ ಯಾರೂ ಬರುವುದಿಲ್ಲ. ಅಷ್ಟೊಂದು ಅನುಮಾನವಿದ್ದರೆ ಅವರನ್ನೇ ನೇರವಾಗಿ ಕೇಳು. ಮನಸ್ಸು ಹಗುರಾಗುತ್ತದೆ.

ಅಕ್ಕ


ಏಪ್ರಿಲ್ 2
(ಮೇಲ್)

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನೀವು ಹೇಳಿದಂತೆ ಮಾಡಿದೆ. ಈಗ ಎಲ್ಲವೂ ಸರಿಯಾಗಿದೆ. ನಾನೇ ತಪ್ಪು ತಿಳಿದುಕೊಂಡಿದ್ದೆ. ಲ್ಯಾಬಿನ ಕೆಲಸದ ಯೋಚನೆಯನ್ನೂ ಸದ್ಯಕ್ಕೆ ಕೈಬಿಟ್ಟಿದ್ದೇನೆ. ಮಗು ಇನ್ನೂ ಚಿಕ್ಕದು, ಮನೆಯಲ್ಲಿ ನೆಮ್ಮದಿಯಿದೆ. ನಮ್ಮ ಬಗ್ಗೆ ನೀವು ಚಿಂತಿಸುವ ಅಗತ್ಯವಿಲ್ಲ.

ನಿಮ್ಮ ಸಮಯಕ್ಕೆ ಋಣಿ.

ತಂಗಿ


ಏಪ್ರಿಲ್ 15
(ಅಂಚೆಯಲ್ಲಿ)

ಅಕ್ಕಾ,

ಪುಟ್ಟಿಯ ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಹಲ್ಲಿನ ಡಾಕ್ಟರ ಶಾಪಿನಲ್ಲಿ ಕೂತಿದ್ದೇನೆ. ಹಲ್ಲುನೋವು ಎಂದು ಹೇಳಿ ಬಂದೆ. ಪಕ್ಕದಲ್ಲಿ ಒಬ್ಬರು ಕೆನ್ನೆ ಹಿಡಿದುಕೊಂಡು ನರಳುತ್ತಿದ್ದಾರೆ, ನಾನೂ ಅವರಂತೆ ಕೆನ್ನೆ ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ಮೇಲ್ ಮಾಡಬೇಡ. ಮನೆಗೆ ಫೋನ್ ಮಾಡಬೇಡ. ನನ್ನ ಮೇಲ್ ಈಗ ನನ್ನದಲ್ಲ. ತಿಂಗಳ ಆರಂಭದಲ್ಲಿ ನನ್ನ ಹೆಸರಿನಲ್ಲಿ ಲ್ಯಾಬಿನ ಯಜಮಾನಿಗೆ ಒಂದು ಮೇಲ್ ಹೋಗಿದೆ, ಕೆಲಸ ಬೇಡ ಎಂದು. ನಾನು ಬರೆದದ್ದಲ್ಲ. ಅವರು ಒಳ್ಳೆಯವರು, ನಂಬದೆ ತಮ್ಮಲ್ಲೇ ಹಲ್ಲು ಮಾಡಿಸುವ ಈ ಡಾಕ್ಟರ ಕೈಯಲ್ಲಿ ಹೇಳಿ ಕಳಿಸಿದರು. ನಿನಗೂ ಏನಾದರೂ ಹೋಗಿದ್ದರೆ ಅದೂ ನನ್ನದಲ್ಲ.

ಎಲ್ಲವನ್ನೂ ಬಾಯಿಮಾತಿನಲ್ಲೇ ಏರ್ಪಾಡು ಮಾಡಿದ್ದೇವೆ. ಮೇ ತನಕ ಕಾಯುವುದಿಲ್ಲ. ಬರುವ ಶುಕ್ರವಾರ ಪುಟ್ಟಿಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯಿಂದ ಕರೆದುಕೊಂಡು ಅಲ್ಲಿಂದಲೇ ಬಸ್ ಹತ್ತುತ್ತೇನೆ. ಕೈಚೀಲ ಬಿಟ್ಟು ಏನೂ ಒಯ್ಯುವುದಿಲ್ಲ. ಈ ಮಾತನ್ನು ನಾನು ಎಲ್ಲಿಯೂ ಟೈಪ್ ಮಾಡಿಲ್ಲ. ಅಷ್ಟೇ ನನ್ನ ಧೈರ್ಯ.

ನೀನು ಏನೂ ಮಾಡಬೇಕಾಗಿಲ್ಲ. ನಿಜವಾಗಿ, ಏನೂ ಮಾಡಬೇಡ. ಸುಮ್ಮನಿರು. ಉತ್ತರ ಬರೆಯುವುದಾದರೆ ಲ್ಯಾಬಿನ ವಿಳಾಸಕ್ಕೆ ಅಂಚೆಯಲ್ಲಿ ಬರೆ, ಕೆಳಗೆ ಕೊಟ್ಟಿದ್ದೇನೆ. ಅಲ್ಲಿ ಮೊದಲು ತೆಗೆದು ಓದುವುದು ನಿನ್ನ ಪತ್ರವನ್ನೇ.

ನನ್ನ ಹೆಸರು ಕರೆದರು. ಬಾಯಿ ತೆರೆದು ಏನೆನ್ನಲಿ?

ನಿನ್ನ
ತಂಗಿ


ಏಪ್ರಿಲ್ 17
(ಮೇಲ್)

ಕಳ್ಳೀ!

ಎಲ್ಲಾ ಗೊತ್ತಾಯಿತು! 'ಯೋಚನೆ ಕೈಬಿಟ್ಟಿದ್ದೇನೆ, ನಮಸ್ಕಾರಗಳು, ಋಣಿ' ಅಂತೆ! ಸರಕಾರಿ ಆಫೀಸಿನ ಗುಮಾಸ್ತೆಯ ಹಾಗೆ ಬರೆದಾಗಲೇ ಅಂದುಕೊಂಡೆ, ನನ್ನ ಮೇಲೆ ಮುನಿಸಿಕೊಂಡಿದ್ದೀಯ ಎಂದು. ಧೂಳು ಒರೆಸು ಎಂದಿದ್ದಕ್ಕೆ ಇಷ್ಟು ಸಿಟ್ಟಾ? ಋಣಿ ಎಂಬ ಪದ ಎಲ್ಲಿಂದ ಕಲಿತೆ, ನಮ್ಮ ಫೋರಂ ಓದುತ್ತಿದ್ದೀಯ ತಾನೆ?

ಆಮೇಲೆ ಎರಡು ವಾರ ನಿನ್ನಿಂದ ಚಕಾರವಿಲ್ಲ. ಬಂದ ಕೆಲಸ ಕೈಬಿಟ್ಟರೆ ಹೇಗೆ ಎಂದು ಹೊಟ್ಟೆ ಉರಿಯಿತು. ಲ್ಯಾಬಿನ ನಂಬರ್ ಹುಡುಕುವುದು ನನಗೇನು ಕಷ್ಟ? ಇವತ್ತು ಯಜಮಾನಿಗೇ ಫೋನ್ ಮಾಡಿದೆ. "ನಮ್ಮ ಹುಡುಗಿಗೆ ಇನ್ನೊಂದು ಸಲ ಕೇಳಿ ನೋಡಿ" ಎಂದು ಬೇಡಿಕೊಳ್ಳಲು ಹೊರಟರೆ ಅವರು ನಗುತ್ತಾರೆ! "ನಿಮ್ಗೆ ಗೊತ್ತಿಲ್ವಾ? ನಾಡಿದ್ದು ಶುಕ್ರವಾರ ಬರ್ತಿದ್ದಾಳಲ್ಲ, ಮಧ್ಯಾಹ್ನ ಮಗೂನ ಸ್ಕೂಲಿಂದ್ಲೇ ಕರ್ಕೊಂಡು ಬಸ್ ಹತ್ತತಾಳೆ" ಎಂದರು. ಅಕ್ಕನಿಗೆ ಹೇಳದೆ! ನಿನ್ನ ಕಿವಿ ಹಿಂಡಬೇಕು. ಆದರೂ ಭೇಷ್. ಅಲ್ಲಿ ಸೇರಿದ ಕೂಡಲೇ ಬರೆ. ಮೊದಲ ಭಾನುವಾರವೇ ನಾನು ಬಂದು ಇಳಿಯುತ್ತೇನೆ, ಹಾಸಿಗೆ ಹಾಕಿಡು.

ನಾನೂ ನಿನ್ನೆಯೆಲ್ಲ ರೇಗಿಕೊಂಡೇ ಇದ್ದೆ. ಹೆಸರೂ ಇಲ್ಲದ ಒಬ್ಬಳು, 'ಅತಿಥಿ' ಅಂತೆ, ಫೋರಂಗೆ ನುಗ್ಗಿ ಹೀಗೆ ಬರೆದಿದ್ದಾಳೆ: 'ಮನೆಯವರೇ ನನ್ನ ಕಂಪ್ಯೂಟರ್ ಒಳಗೆ ಇದಾರೆ ಅನ್ಸುತ್ತೆ ಎಲ್ಲಾ ಗೊತ್ತಾಗುತ್ತೆ ಅವರಿಗೆ ಎಷ್ಟು ಗೊತ್ತಾಗುತ್ತೆ ಹೇಗೆ ತಿಳಿಯೋದು ದಯವಿಟ್ಟು ಬೇಗ ಹೇಳಿ ಟೈಮ್ ಇಲ್ಲ.' ಒಂದು ಚುಕ್ಕಿ ಇಲ್ಲ, ಕಾಮಾ ಇಲ್ಲ. ಒಳಗೆ ಮನೆಯವರಿದ್ದಾರಂತೆ, ಬಾಡಿಗೆಗೆ ಕೊಟ್ಟಿದ್ದಾಳೋ ಏನೋ! ಗುಂಡಿ ಒತ್ತಿ ಬೀಗ ಹಾಕಿದೆ. 'ಪ್ರಶ್ನೆ ಹೇಗೆ ಕೇಳಬೇಕೆಂದು ಇಲ್ಲಿ ನೋಡಿ ಕಲಿಯಿರಿ' ಎಂದು ಆ ಹೊಸಬರ ಪ್ರಶ್ನೆಯ ದಾರಿಯನ್ನೂ ತೋರಿಸಿದೆ. ನನ್ನ ಸಿಟ್ಟು ಆಮೇಲೆ ಇಳಿಯಿತು, ನಿನ್ನ ಸುದ್ದಿ ಕೇಳಿ.

ಶುಕ್ರವಾರಕ್ಕೆ ಕಾಯುತ್ತಿರುವ
ಅಕ್ಕ


ಏಪ್ರಿಲ್ 28
(ಅಂಚೆಯಲ್ಲಿ, ಲ್ಯಾಬಿನ ವಿಳಾಸಕ್ಕೆ)

ತಂಗೀ,

ಇದು ನಿನ್ನ ಕೈ ಸೇರುತ್ತದೋ ಇಲ್ಲವೋ. ಲ್ಯಾಬಿನ ಯಜಮಾನಿ ಹೇಗಾದರೂ ಡಾಕ್ಟರ ಮೂಲಕ ತಲುಪಿಸುತ್ತೇನೆ ಎಂದಿದ್ದಾರೆ.

ಆ ಶುಕ್ರವಾರದ ಮರುದಿನ ಅವರ ಫೋನ್ ಬಂತು. "ನಿಮ್ಮ ತಂಗಿ ಬರ್ಲೇ ಇಲ್ಲ, ಎರಡು ಬಸ್ ನೋಡಿದೆ" ಎಂದರು. ನಿನ್ನ ಫೋನ್ ಎತ್ತುವವರಿಲ್ಲ. ಬಟ್ಟೆ ತುರುಕಿಕೊಂಡು ಮೆಟ್ಟಿಲಿಳಿದೆ. ಕೆಳಗೆ ಗೋಡೆಯ ಅಂಚೆಪೆಟ್ಟಿಗೆಯಿಂದ ಡ್ರಾಯಿಂಗ್ ಹಾಳೆಯ ಮಡಿಕೆಯೊಂದು ಹೊರಗೆ ಇಣುಕುತ್ತಿತ್ತು. ಆ ಪೆಟ್ಟಿಗೆಯನ್ನು ನಾನು ತೆಗೆಯುವುದೇ ಇಲ್ಲ ಕಣೇ. ನನಗೆ ಕಾಗದ ಬರೆಯುವವರು ಯಾರಿದ್ದಾರೆ? ಕರೆಂಟ್ ಬಿಲ್ಲೂ ಫೋನಿಗೇ ಬರುತ್ತದೆ. ಪತ್ರ ಎಂದಿನಿಂದ ಅಲ್ಲಿತ್ತೋ ಗೊತ್ತಿಲ್ಲ. ಬಸ್ಸಿನಲ್ಲಿ ಓದಿದೆ. 'ಸುಮ್ಮನಿರು' ಎಂದು ಬರೆದಿದ್ದೀಯ. ನಾನು ಅದಾಗಲೇ ಬಾಯಿ ಬಿಟ್ಟಾಗಿತ್ತು.

ಬಾಗಿಲು ತೆಗೆದವರು ಅವರೇ. "ಬನ್ನಿ ಅಕ್ಕಾ, ನಿಮ್ಮನ್ನೇ ನೆನೆಸ್ಕೊತಿದ್ವಿ" ಎಂದರು. ನನ್ನ ಚೀಲ ಕೈಯಿಂದ ಇಸಿದುಕೊಂಡರು. ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ನೀನು ಟೀ ತಂದೆ. ನನ್ನ ಮುಖ ನೋಡಲಿಲ್ಲ. ಪುಟ್ಟಿ ಎಲ್ಲಿ ಎಂದರೆ ಅವರೇ ಉತ್ತರ ಹೇಳಿದರು: "ಅಜ್ಜಿ ಮನೇಲಿದಾಳೆ. ಅಮ್ಮನಿಗೆ ಸ್ವಲ್ಪ ಮನಸ್ಸು ಸರಿಯಿಲ್ವಲ್ಲ, ಸುಧಾರಿಸ್ಲಿ ಅಂತ." ನೀನು ಹೇಗಿದ್ದೀಯೇ ಎಂದು ಕೇಳಿದೆ. "ಚೆನ್ನಾಗಿದೀನಿ ಅಕ್ಕಾ" ಎಂದೆ, ನನಗಲ್ಲ, ಲೋಟಕ್ಕೆ. ನಾನು ಬಚ್ಚಲಿಗೆ ಎದ್ದರೆ ಅವರೂ ಎದ್ದು ದಾರಿ ತೋರಿಸಿದರು. ನಿನ್ನೊಬ್ಬಳ ಜತೆ ಒಂದು ಮಾತಿಗೂ ಬಿಡಲಿಲ್ಲ. ನಿನ್ನನ್ನು ಎಳೆದುಕೊಂಡು ಬರೋಣ ಎಂದರೆ ನೀನು ಕಣ್ಣಲ್ಲೇ ಬೇಡ ಎಂದೆ, ಪುಟ್ಟಿ ಅಲ್ಲಿರುವಾಗ ಹೇಗೆ ಬರುತ್ತೀಯ.

ಬೀಳ್ಕೊಡಲು ಗೇಟಿನವರೆಗೂ ಬಂದರು. ಕೈ ಜೋಡಿಸಿ, "ಅಷ್ಟು ದೂರದಿಂದ ಬಂದ್ರಿ. ನಿಮ್ಮ ಸಮಯಕ್ಕೆ ಋಣಿ" ಎಂದರು.

ಗೇಟು ದಾಟಲು ಹೊರಟವಳು ತಿರುಗಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನನಗೆ ಗೊತ್ತಾಯಿತೇ ಎಂದು. ಗೊತ್ತಾಯಿತು ಎಂದು ಖಾತ್ರಿಯಾದ ಮೇಲೆ ನಕ್ಕರು. "ಎಲ್ರೂ ಹೇಳ್ತಾರೆ, ನಿಮ್ಮಷ್ಟು ಬಿಡಿಸಿ ಹೇಳೋರು ಇನ್ನೊಬ್ರಿಲ್ಲ ಅಂತ. ಅದಕ್ಕೇ ನಿಮ್ಮ ಹತ್ರಾನೇ ಬಂದೆ" ಎಂದರು. ಅವರ ತಾಯಿಯ ಮನೆಯಲ್ಲಿ ಕಂಪ್ಯೂಟರೇ ಇಲ್ಲವಲ್ಲೇ! ನನಗೆ ಅದು ಗೊತ್ತಿತ್ತು. 'ಹೊಸಬ' ಅವರೆಂದು ಗೊತ್ತಿರಲಿಲ್ಲ.

ನನಗೆ ಹೇಗೆ ತಿಳಿಯಬೇಕಿತ್ತು ಹೇಳು? ಅಷ್ಟು ಸಭ್ಯವಾಗಿ ಕೇಳಿದವರನ್ನು ಅನುಮಾನಿಸಲು ಸಾಧ್ಯವಾ? ಯಾರ ಮನೆಯ ವಿಷಯವನ್ನೂ ಕೆದಕಬಾರದು ಎನ್ನುವುದು ನಮ್ಮ ಕಟ್ಟಳೆ. ಪ್ರಶ್ನೆ ಸರಿಯಾಗಿತ್ತು. ಉತ್ತರವೂ ಸರಿಯಾಗಿಯೇ ಇತ್ತು.

ಮನೆಗೆ ಬಂದವಳೇ ಆ ಪ್ರಶ್ನೆಯನ್ನು ಕಿತ್ತುಹಾಕಿದೆ. ಅವನನ್ನು ಫೋರಂನಿಂದ ಹೊರಗೆ ಹಾಕಿದೆ. ಉಳಿದ ಮಾಡರೇಟರುಗಳು ಕಾರಣ ಕೇಳುತ್ತಿದ್ದಾರೆ, ಕೇಳಲಿ. ನಿನಗೆ ನಾನು ಈಗ ಏನು ಮಾಡಲಿ? ವಕೀಲರನ್ನು ನೋಡಲಾ? ಪೊಲೀಸಿಗೆ ಹೋಗಲಾ? ಏನು ಬೇಕೋ ಬರೆ. ಹೇಗೆ ಬೇಕಾದರೂ ಬರೆ, ನಾನು ಓದುತ್ತೇನೆ. ಅಂಚೆಪೆಟ್ಟಿಗೆಯನ್ನು ಈಗ ಹೋಗುವಾಗ ಬರುವಾಗ ನೋಡುತ್ತಿದ್ದೇನೆ.

ನಿನ್ನ
ಅಕ್ಕ


ಮೇ 19
(ಅಂಚೆಯಲ್ಲಿ)

ಮಾಡರೇಟರ್ ಅವರಿಗೆ,

'ನೀವು' ಎಂದು ಬರೆಯುತ್ತಿರುವುದು ಈ ಸಲ ನಾನೇ. ಸಂದೇಹ ಬೇಡ, ಕೈಬರಹ ನೋಡಿ.

ನಿಮ್ಮ ಪತ್ರ ಡಾಕ್ಟರು ಔಷಧಿಯ ಚೀಟಿಯೊಳಗೆ ಮಡಿಸಿ ಕೊಟ್ಟರು. ಓದಿದೆ. ಹೊಸಬನನ್ನು ಹೊರಗೆ ಹಾಕಿದ್ದೀರಂತೆ. ಇವರು ಊಟಕ್ಕೆ ಕೂತಾಗ ಅದನ್ನು ಹೇಳಿ ನಗುತ್ತಿದ್ದರು. ಬೇರೆ ಹೆಸರಿನಲ್ಲಿ ಅಂದೇ ಒಳಗೆ ಬಂದಿದ್ದಾರೆ. ಈಗ ಪ್ರಶ್ನೆ ಕೇಳುವುದಿಲ್ಲ, ವಯಸ್ಸಾದ ತಾಯಿ ಇರುವವರಿಗೆ ಉತ್ತರ ಹೇಳುತ್ತಾರೆ. ನೀವು ಹೇಳಿಕೊಟ್ಟಿದ್ದನ್ನೇ. ಒಬ್ಬಿಬ್ಬರು 'ಬಗೆಹರಿಯಿತು' ಎಂದೂ ಬರೆದಿದ್ದಾರೆ.

ಲೈಬ್ರರಿಯ ಕಂಪ್ಯೂಟರಿನಲ್ಲಿ ಕೂತು ಬರೆದ ಆ 'ಅತಿಥಿ' ನಾನು. ನಿಮಗೆ ಕಾಗದ ಹಾಕಿದ ಮರುದಿನ. ಉತ್ತರಕ್ಕೆ ಕಾಯುವಷ್ಟು ವ್ಯವಧಾನ ಇರಲಿಲ್ಲ. ಶುಕ್ರವಾರದೊಳಗೆ ಇವರಿಗೆ ಎಷ್ಟು ಕಾಣುತ್ತದೆ ಎಂದು ತಿಳಿಯಬೇಕಿತ್ತು. ತಂಗಿ ಕೇಳಿದರೆ ಧೂಳು ಒರೆಸು ಎನ್ನುತ್ತೀರಿ, ಗುರುತಿಲ್ಲದವಳು ಕೇಳಿದರಾದರೂ ನಿಜ ಹೇಳುತ್ತೀರಿ ಎಂದುಕೊಂಡೆ. ಪಕ್ಕದಲ್ಲಿ ಒಬ್ಬ ಮುದುಕರು ಪೇಪರ್ ಮಗುಚುತ್ತಿದ್ದರು, ಪ್ರತಿ ಸಲ ಸದ್ದಾದಾಗಲೂ ತಿರುಗಿ ನೋಡುತ್ತಿದ್ದೆ. ಚುಕ್ಕಿ ಹಾಕಲು ಮರೆತಿದ್ದು ಅದಕ್ಕೇ. ನಿಮ್ಮ ಬೀಗ ಬೇಗ ಬಂತು. ಕೆಳಗೆ ನೀವು ತೋರಿಸಿದ ದಾರಿ ಹಿಡಿದು ಹೋದೆ. ಹೊಸಬನ ಪ್ರಶ್ನೆ ಓದಿದೆ. ಮೊದಲನೇ ಸಾಲಿಗೇ ಗೊತ್ತಾಯಿತು. ಇವರ ದನಿ ನನಗೆ ಗೊತ್ತಿಲ್ಲವೇ? ಆಮೇಲೆ ನಿಮ್ಮ ಉತ್ತರಗಳನ್ನೂ ಓದಿದೆ, ಒಂದೊಂದೇ. ಎಷ್ಟು ತಾಳ್ಮೆ ನಿಮಗೆ! 'ಇಷ್ಟು ಮಾಡಿ ನೋಡಿ, ಆಗದಿದ್ದರೆ ಸಂಕೋಚವಿಲ್ಲದೆ ಕೇಳಿ' ಎಂದು ಬರೆದಿದ್ದಿರಿ. ನನಗೆ ಎಂದೂ ಹಾಗೆ ಹೇಳಿದ್ದು ನೆನಪಿಲ್ಲ.

ಆದರೂ ಅದನ್ನು ಓದಿ ಸಮಾಧಾನವಾಯಿತು. ಪರದೆಯ ಮೇಲೆ ಬಂದದ್ದು ಮಾತ್ರ ಇವರಿಗೆ ಕಾಣುತ್ತದೆ ಎಂದು ತಿಳಿಯಿತು. ಶುಕ್ರವಾರದ ಮಾತನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ನೀವು ಬರೆದಿರಿ.

ಆ ದಿನ ಶಾಲೆಯ ಗೇಟಿನಲ್ಲಿ ಇವರು ಪುಟ್ಟಿಯ ಬ್ಯಾಗನ್ನು ಒಂದು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಟೀಚರ ಜತೆ ನಗುತ್ತಾ ಮಾತಾಡುತ್ತಿದ್ದರು. ಪುಟ್ಟಿ ಆಗಲೇ ಅಜ್ಜಿಯ ಜತೆ ಆಟೋದಲ್ಲಿ ಹೋಗಿಯಾಗಿತ್ತು. ನನ್ನ ಕೈಚೀಲ ನೋಡಿ, "ಹೊರಟ್ಯಾ? ಹೋಗು, ಯಾರು ಬೇಡ ಅಂದ್ರು" ಎಂದರು. ಟೀಚರ ಮುಂದೆಯೇ. ಟೀಚರಿಗೆ ಅದು ಗಂಡ ಹೆಂಡತಿಯ ತಮಾಷೆಯಂತೆ ಕಂಡಿತು, ಅವರೂ ನಕ್ಕರು. ಬಸ್ ಸ್ಟ್ಯಾಂಡ್ ಎದುರಿಗೇ ಇತ್ತು. ನಾನು ಮನೆಗೆ ಬಂದೆ.

ಪುಟ್ಟಿ ಈಗ ವಾಪಸ್ ಬಂದಿದ್ದಾಳೆ. ಇವರೇ ಶಾಲೆಗೆ ಬಿಡುತ್ತಾರೆ, ಇವರೇ ಕರೆತರುತ್ತಾರೆ. ನಾನು ಕೈಹಿಡಿದುಕೊಂಡರೆ ಅವಳು ಮೊದಲು ಅಪ್ಪನ ಮುಖ ನೋಡುತ್ತಾಳೆ. ಲ್ಯಾಬಿಗೆ ಬೇರೆಯವಳು ಬಂದಳಂತೆ, ಯಜಮಾನಿ ಇನ್ನೆಷ್ಟು ದಿನ ಕಾಯುತ್ತಾರೆ. ಕಂಪ್ಯೂಟರ್ ಹಾಲಿನಲ್ಲೇ ಇದೆ. ನಾನು ಅದರ ಮೇಲೆ ಬಟ್ಟೆ ಹೊದಿಸುತ್ತೇನೆ, ಇವರು ತೆಗೆಯುತ್ತಾರೆ.

ಪೊಲೀಸು, ವಕೀಲರು ಎಂದು ಓಡಾಡಬೇಡಿ. ನೀವು ಏನಾದರೂ ಮಾಡಿದಾಗಲೆಲ್ಲ ಅದು ಮೊದಲು ಇವರಿಗೇ ತಿಳಿಯುತ್ತದೆ. ಇಲ್ಲಿಗೆ ಬರಬೇಡಿ. ಇದಕ್ಕೆ ಉತ್ತರ ಬರೆದರೂ ತೆಗೆದುಕೊಳ್ಳಬೇಡಿ ಎಂದು ಡಾಕ್ಟರಿಗೆ ಹೇಳಿದ್ದೇನೆ. ನಾನು ಹೊರಡುವ ದಿನ ಬಂದೇ ಬರುತ್ತದೆ. ಅದು ಯಾವ ದಿನ ಎಂದು ನಿಮಗೆ ಮಾತ್ರ ಹೇಳುವುದಿಲ್ಲ.

'ಹೇಗೆ ಬೇಕಾದರೂ ಬರೆ' ಎಂದಿದ್ದೀರಿ. ಬೇಡ. ನಿಯಮ ನಿಮ್ಮದೇ, ಅದರಂತೆಯೇ ಬರೆಯುತ್ತೇನೆ. ಆ ದಿನ ಲೈಬ್ರರಿಯಲ್ಲಿ ಬರೆಯಬೇಕಾಗಿದ್ದದ್ದು ಇದು.

ನಿಮಗೆ ಏನಾಗಬೇಕು?
ಮಗಳನ್ನು ಕರೆದುಕೊಂಡು ಈ ಮನೆಯಿಂದ ಹೋಗಬೇಕು.

ಈಗ ಏನಾಗುತ್ತಿದೆ?
ನಾನು ಏನು ಯೋಚಿಸಿದರೂ ನನ್ನ ಗಂಡನಿಗೆ ನನಗಿಂತ ಮೊದಲೇ ಗೊತ್ತಾಗುತ್ತಿದೆ.

ಇದುವರೆಗೆ ಏನೇನು ಪ್ರಯತ್ನಿಸಿದ್ದೀರಿ?
ಅಕ್ಕನನ್ನು ಕೇಳಿದೆ.